ಕೇಂದ್ರ ಸರ್ಕಾರದ 2020ರ ಪಟ್ಟಿಯಲ್ಲಿ ಪುಣೆ ವಾಸಕ್ಕೆ ಎರಡನೇ ನಂಬರ್ ಅಂತೆ, ನಮ್ಮವ್ವ ಇಪ್ಪತ್ತೇ ದಿನಕ್ಕೆ ಧಾರವಾಡಕ್ಕೆ ವಾಪಸ್. ಒಂದು ಏರಿಯಾ ಬದುಕೋಕೆ ಚೆನ್ನಾಗಿದೆಯಾ ಅಂತ ಅಳೆಯೋದು ಹೇಗೆ?

ವಾಕಡ್‌ವಾಸಿ

ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಹಿಡಿದುಕೊಂಡು ಓದಿ.

ಅಪ್ಪ ಹೋದ ಮೇಲೆ ಅವ್ವನನ್ನು ಧಾರವಾಡದಿಂದ ಇಲ್ಲಿಗೆ ಕರೆತಂದೆ. ವಾಕಡ್‌ನಲ್ಲಿ ಹನ್ನೊಂದನೇ ಮಹಡಿ. ಎರಡು ಲಿಫ್ಟ್, ಈಜುಕೊಳ, ಜಿಮ್, ಕ್ಲಬ್‌ಹೌಸ್, ಎಲ್ಲ ಇದೆ. ಇಪ್ಪತ್ತು ದಿನ ಇದ್ದಳು. ಇಪ್ಪತ್ತೊಂದನೇ ದಿನ ಎದ್ದು ನೋಡಿದರೆ ಚೀಲ ಕಟ್ಟಿಕೊಂಡು ಕೂತಿದ್ದಾಳೆ. ಯಾಕವ್ವಾ ಅಂದರೆ, "ಇಲ್ಲಿ ಕೊತ್ತಂಬರಿ ತರಾಕೂ ನಿನ್ನ ಕೇಳಬೇಕು" ಅಂದಳು.

ಸಿಟ್ಟು ಬಂತು. ಬಸ್ ಹತ್ತಿಸಿ ಬಂದ ಮೇಲೆ ಅವಳು ಹೇಳಿದ ದಾರಿಯಲ್ಲೇ ನಾನೂ ನಡೆದು ನೋಡಿದೆ. ಗೇಟಿನಿಂದ ಭಾಜಿ ಗಾಡಿಯವರೆಗೆ 640 ಹೆಜ್ಜೆ. ಫುಟ್‌ಪಾತ್ ಅರ್ಧ ದಾರಿಗೇ ಮುಗಿಯುತ್ತದೆ, ಅಲ್ಲಿ ಒಂದು ಕರೆಂಟ್ ಡಬ್ಬಿ ನಿಂತಿದೆ. ಅಲ್ಲಿಂದ ರಸ್ತೆಗೆ ಇಳಿಯಬೇಕು, ಇಳಿದರೆ ಎದುರಿನಿಂದ ರಾಂಗ್ ಸೈಡಲ್ಲಿ ಸ್ಕೂಟರ್‌ಗಳು. ನಡುವೆ ಕೂರೋಕೆ ಇರೋದು ಎರಡೇ ಜಾಗ. ಒಂದು ಪಂಕ್ಚರ್ ಅಂಗಡಿಯ ಸ್ಟೂಲು, ಇನ್ನೊಂದು ಎಟಿಎಂ ಮೆಟ್ಟಿಲು. ಪಂಕ್ಚರ್ ಅಂಗಡಿಯವನು ನನ್ನ ಗುರುತು ಹಿಡಿದು "ಆಜಿ ಗೇಲ್ಯಾ ಕಾ?" (ಅಜ್ಜಿ ಹೋದರಾ?) ಅಂತ ಮರಾಠಿಯಲ್ಲಿ ಕೇಳಿದ. ಅಜ್ಜಿ ದಿನಾ ಅಲ್ಲಿ ಕೂತು ಹೋಗ್ತಿದ್ದಳಂತೆ, ನನಗೆ ಗೊತ್ತೇ ಇರಲಿಲ್ಲ.

ಈಗ ಪ್ರಶ್ನೆ. ಇಲ್ಲಿನ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಸುಮಾರು ಅರವತ್ತು ಮನೆ ಇವೆ. ನಮ್ಮ ಏರಿಯಾವನ್ನು ನಾವೇ ಅಳೆಯೋಣ ಅಂತ ಹೊರಟಿದ್ದೇವೆ. ಸೊಸೈಟಿ ಕಮಿಟಿಯವರು ಮಾಡಿದ ಫಾರ್ಮ್ ನೋಡಿದೆ, 22 ಪ್ರಶ್ನೆಯಲ್ಲಿ 14 ಗೇಟಿನ ಒಳಗಿನ ವಿಷಯವೇ. ಏನೇನು ಕೇಳಬೇಕು ಅಂತ ಹೇಳಿ.

ಕಾಂದಿವಲಿ ಕಾಕಾ

ಎರಡನೇ ನಂಬರ್ ಬಿಡಿ, ಆ ವರ್ಷ ಒಂದನೇ ನಂಬರ್ ಯಾವ ಊರು ಹೇಳಿ? ಬೆಂಗಳೂರು! ಸಿಲ್ಕ್ ಬೋರ್ಡ್‌ನಲ್ಲಿ ನಿಂತವರನ್ನು ಯಾರೂ ಕೇಳಿರಲಿಕ್ಕಿಲ್ಲ. ಅದೇ ಬೆಂಗಳೂರು 2018ರಲ್ಲಿ 58ನೇ ಸ್ಥಾನದಲ್ಲಿತ್ತು. ಎರಡೇ ವರ್ಷದಲ್ಲಿ ಏನು ಅಮೃತ ಕುಡಿಯಿತೋ.

ಲೆಕ್ಕದ ಮೇಷ್ಟ್ರು

ಅಮೃತ ಏನಲ್ಲ ಕಾಕಾ, ಅಳತೆಗೋಲೇ ಬೇರೆ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರ ಸಚಿವಾಲಯದ ಈಸ್ ಆಫ್ ಲಿವಿಂಗ್ ಪಟ್ಟಿ ಇದು. 2018ರಲ್ಲಿ ಪುಣೆ ಮೊದಲು, ನವಿ ಮುಂಬೈ ಎರಡು, ಗ್ರೇಟರ್ ಮುಂಬೈ ಮೂರು. ಆಗ 78 ಸೂಚಕ ಇದ್ದವು. 2020ರ ಪಟ್ಟಿ ಹೊರಬಂದದ್ದು 2021ರ ಮಾರ್ಚ್‌ನಲ್ಲಿ, ಅದರಲ್ಲಿ ಸೂಚಕ 49ಕ್ಕೆ ಇಳಿದವು, ವಿಂಗಡಣೆಯೂ ಬದಲಾಯಿತು. ಜೀವನ ಗುಣಮಟ್ಟಕ್ಕೆ 35, ಆರ್ಥಿಕ ಶಕ್ತಿಗೆ 15, ಸುಸ್ಥಿರತೆಗೆ 20, ಮತ್ತು ಜನರನ್ನೇ ಕೇಳಿದ ಸರ್ವೇಗೆ 30 ಅಂಕ. 2018ರಲ್ಲಿ ಆರ್ಥಿಕತೆಗೆ ಬರೀ 5 ಇತ್ತು. ಅದನ್ನು 15 ಮಾಡಿದಾಗ ಯಾವ ಊರಿಗೆ ಲಾಭ ಅಂತ ನೀವೇ ಯೋಚಿಸಿ. ಆರ್ಥಿಕ ವಿಭಾಗದಲ್ಲಿ ಬೆಂಗಳೂರೇ ಮೊದಲು.

ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ಏರಿತು ಇಳಿಯಿತು ಅನ್ನೋದು, ಒಬ್ಬನ ಗಣಿತದ ಅಂಕ ಇನ್ನೊಬ್ಬನ ಹಿಂದಿ ಅಂಕಕ್ಕೆ ಹೋಲಿಸಿದ ಹಾಗೆ.

ಕಾಂದಿವಲಿ ಕಾಕಾ

ಹಾಗಾದರೆ ನಮ್ಮ ಮುಂಬೈ ಮೂರರಿಂದ ಹತ್ತಕ್ಕೆ ಬಿದ್ದದ್ದೂ ಸುಳ್ಳೇ ತಾನೇ? ಸಮಾಧಾನ ಆಯ್ತು.

ದಾವಣಗೆರೆ ದೋಸೆ

ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರೋ ಊರುಗಳ ಪಟ್ಟಿಯಲ್ಲಿ ದಾವಣಗೆರೆ 9. ಸುಮ್ನೆ ನೆನಪಿಸಿದೆ ಅಷ್ಟೇ.

ಮಾಟುಂಗಾ ಮಾಮಿ

ವಾಕಡ್‌ವಾಸಿ, ನಿಮ್ಮ ಅವ್ವನ ಮಾತು ಓದಿ ನನ್ನ ಅತ್ತೆ ನೆನಪಾದರು. ಎಂಬತ್ತನಾಲ್ಕು ವಯಸ್ಸು. ನಮ್ಮ ಬಿಲ್ಡಿಂಗ್‌ಗೆ ಲಿಫ್ಟ್ ಇಲ್ಲ, ಮೂರನೇ ಮಹಡಿ. ಆದರೂ ದಿನಕ್ಕೊಮ್ಮೆ ಇಳಿಯಲೇಬೇಕು ಅವರಿಗೆ. ಕೆಳಗೆ ಇಳಿದರೆ ಹೂವಿನವಳು ತಮಿಳು, ತರಕಾರಿಯವನು ಯುಪಿ, ಇಸ್ತ್ರಿಯವನು ಯಾವ ಊರೋ, ಎಲ್ಲರ ಹತ್ತಿರವೂ ಅತ್ತೆ ಮಾತಾಡೋದು ಕನ್ನಡವೇ! ಅವರಿಗೂ ಅರ್ಥ ಆಗುತ್ತೆ. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಶನ್‌ನಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ನಡೆದೇ ಹೋಗಿ ಬರುತ್ತಾರೆ.

ಮಗ ಠಾಣೆಯಲ್ಲಿ ದೊಡ್ಡ ಫ್ಲ್ಯಾಟ್ ತಗೊಂಡಿದ್ದಾನೆ, ಬನ್ನಿ ಅಂತ ಮೂರು ವರ್ಷದಿಂದ ಕರೀತಾನೆ. ಅತ್ತೆ ಒಪ್ಪೋದಿಲ್ಲ. ಅಲ್ಲಿ ಲಿಫ್ಟ್ ಇದೆ, ಇಳಿದ ಮೇಲೆ ಹೋಗೋಕೆ ಜಾಗ ಇಲ್ಲ ಅಂತಾರೆ.

ನಿಮ್ಮ ಫಾರ್ಮ್‌ನಲ್ಲಿ ಹಾಕಿ: "ನಿನ್ನೆ ಮನೆಯವರನ್ನು ಬಿಟ್ಟು ಎಷ್ಟು ಜನರ ಹತ್ತಿರ ಮಾತಾಡಿದಿರಿ?"

ಟವರ್ ಬಿ 1702

ಮಾಮಿ, ಬೇಜಾರು ಮಾಡ್ಕೋಬೇಡಿ, ಆದರೆ ಈ ಹಳೇ ಬಿಲ್ಡಿಂಗ್ ಗುಣಗಾನ ಕೇಳಿ ಕೇಳಿ ಸಾಕಾಗಿದೆ. ನಾನು ಪರೇಲ್ ಚಾಳ್‌ನಲ್ಲಿ ಬೆಳೆದವನು. ಹತ್ತು ಬೈ ಹನ್ನೆರಡು ಖೋಲಿ, ಏಳು ಜನ. ಮಳೆಗಾಲದಲ್ಲಿ ಛಾವಣಿ ಸೋರಿ ಪುಸ್ತಕ ಎಲ್ಲ ನೆನೆಯುತ್ತಿತ್ತು. ಅಕ್ಕಂದಿರು ರಾತ್ರಿ ಕಾರಿಡಾರ್ ಕೊನೆಯ ಸಂಡಾಸಿಗೆ ಹೋಗಬೇಕಾದರೆ ಅಮ್ಮನನ್ನು ಎಬ್ಬಿಸುತ್ತಿದ್ದರು. ನೆರೆಹೊರೆ ಪ್ರೀತಿ ಅಂತ ಬರೆಯೋದು ಸುಲಭ. ನನಗೆ ಈಜುಕೊಳ ಬೇಡ, ಆದರೆ ನನ್ನದೇ ಬಾತ್‌ರೂಮ್ ಬೇಕು, ಅದಕ್ಕೆ ಬಾಗಿಲು ಬೇಕು.

ಮಾಟುಂಗಾ ಮಾಮಿ

ಸರಿಯಪ್ಪ, ಅದೂ ನಿಜ. ನಮ್ಮ ಮೆಟ್ಟಿಲಲ್ಲಿ ನಾನೇ ಹೋದ ವರ್ಷ ಜಾರಿ ಕಾಲು ಉಳುಕಿಸಿಕೊಂಡಿದ್ದೆ. ಅದನ್ನು ಬರೆಯಲಿಲ್ಲ ನೋಡಿ!

ಧಾರಾವಿ ಹುಡುಗ

1702 ಅಣ್ಣ ಹೇಳಿದ್ದಕ್ಕೆ ನನ್ನ ಓಟು. ನಾನು ಹುಟ್ಟಿದ್ದು ಧಾರಾವಿಯ 90 ಅಡಿ ರಸ್ತೆ ಹತ್ತಿರ. ಅಪ್ಪ ಕಲಬುರಗಿ ಕಡೆಯಿಂದ ಬಂದವರು. ಈಗ ಕೆಲವರು 15 ನಿಮಿಷದ ನಗರ ಅಂತ ಮಾತಾಡ್ತಾರಲ್ಲ, ಕಾರ್ಲೋಸ್ ಮೊರೆನೊ ಅಂತ ಪ್ಯಾರಿಸ್ ಪ್ರೊಫೆಸರ್ ಹೇಳಿದ್ದು, ಕೆಲಸ ಶಾಲೆ ಅಂಗಡಿ ಆಸ್ಪತ್ರೆ ಎಲ್ಲ ಮನೆಯಿಂದ ಕಾಲು ಗಂಟೆಯ ಒಳಗೆ ಇರಬೇಕು ಅಂತ. ಆ ಲೆಕ್ಕದಲ್ಲಿ ನಮಗೆ ಚಿನ್ನದ ಪದಕ ಕೊಡಬೇಕು. ಮಾಹಿಮ್, ಸಯನ್, ಮಾಟುಂಗಾ, ಮೂರು ಸ್ಟೇಷನ್ ಸುತ್ತ ಇವೆ. ಅಪ್ಪನ ಚರ್ಮದ ಕೆಲಸ ಪಕ್ಕದ ಗಲ್ಲಿಯಲ್ಲಿ. ಶಾಲೆ ಐದು ನಿಮಿಷ.

ಆದರೆ ಬೆಳಿಗ್ಗೆ ಸಾರ್ವಜನಿಕ ಶೌಚಾಲಯದ ಕ್ಯೂ ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷವನ್ನು ಯಾವ ಕಾಲಮ್‌ನಲ್ಲಿ ಹಾಕ್ತೀರಿ?

ಲೆಕ್ಕದ ಮೇಷ್ಟ್ರು

ಇದೇ ಅಸಲಿ ಪ್ರಶ್ನೆ. ತಮ್ಮಾ, ಒಂದು ಲೆಕ್ಕ ಹೇಳ್ತೀನಿ, ಕೇಳು. ಒಂದು ಏರಿಯಾಕ್ಕೆ ಕೆಲಸದ ಅನುಕೂಲಕ್ಕೆ 90 ಅಂಕ, ಶೌಚಾಲಯಕ್ಕೆ 10 ಅಂಕ ಅಂದ್ಕೋ. ಕೂಡಿಸಿ ಎರಡರಿಂದ ಭಾಗಿಸಿದರೆ 50. ಪಕ್ಕದ ಏರಿಯಾಕ್ಕೆ ಎರಡರಲ್ಲೂ 50 ಇದೆ, ಅದರ ಸರಾಸರಿಯೂ 50. ಪಟ್ಟಿಯಲ್ಲಿ ಎರಡೂ ಒಂದೇ! ಕ್ಯೂನಲ್ಲಿ ನಿಂತವನಿಗೆ ಒಂದೇನಾ?

ಗುಣಿಸಿ ವರ್ಗಮೂಲ ತೆಗೆ. 90 ಗುಣಿಸು 10 ಅಂದರೆ 900, ವರ್ಗಮೂಲ 30. ಪಕ್ಕದ ಏರಿಯಾಕ್ಕೆ 50 ಹಾಗೇ ಉಳಿಯುತ್ತದೆ. ಈಗ ವ್ಯತ್ಯಾಸ ಕಂಡಿತಾ? ಇದಕ್ಕೆ ಗುಣೋತ್ತರ ಸರಾಸರಿ ಅಂತಾರೆ. ವಿಶ್ವಸಂಸ್ಥೆಯವರ ಮಾನವ ಅಭಿವೃದ್ಧಿ ಸೂಚ್ಯಂಕ 2010ರಲ್ಲಿ ಇದಕ್ಕೇ ಬದಲಾಯಿತು. ಒಂದರಲ್ಲಿ ಬಿದ್ದದ್ದನ್ನು ಇನ್ನೊಂದರಲ್ಲಿ ಎದ್ದು ಮುಚ್ಚಿಕೊಳ್ಳೋಕೆ ಆಗಬಾರದು ಅಂತ.

ಇನ್ನೂ ಕಟ್ಟುನಿಟ್ಟು ಬೇಕಾ? ನಮ್ಮ ದೇಶದ ಎಕ್ಯೂಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ ನೋಡಿ. ಅದರಲ್ಲಿ ಎಂಟು ಮಾಲಿನ್ಯಕಾರಕ ಇವೆ, ಸರಾಸರಿ ತೆಗೆಯೋದೇ ಇಲ್ಲ. ಯಾವುದು ಎಲ್ಲಕ್ಕಿಂತ ಕೆಟ್ಟದಾಗಿದೆಯೋ ಅದರ ಅಂಕವೇ ಆ ದಿನದ ಎಕ್ಯೂಐ. ಒಂದು ವಿಷ ಸಾಕು, ಉಳಿದ ಏಳು ಶುದ್ಧ ಅಂತ ಯಾರೂ ಬಚಾವಾಗೋದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಏರಿಯಾ ಫಾರ್ಮ್ ಕೂಡ ಹಾಗೇ ಇರಬೇಕು. ಒಟ್ಟು ಅಂಕ ಬೇಡ. ಅತಿ ಕೆಟ್ಟದ್ದು ಯಾವುದು, ಅದು ಯಾರ ಪಾಲಿಗೆ, ಇಷ್ಟು ಬರೆಯಿರಿ ಸಾಕು.

ಟವರ್ ಬಿ 1702

ಮೇಷ್ಟ್ರೇ, ನೀವು ನನಗೆ ಎಂಟನೇ ಕ್ಲಾಸಿನಲ್ಲಿ ಸಿಕ್ಕಿದ್ದರೆ ಗಣಿತ ಪಾಸಾಗುತ್ತಿದ್ದೆ.

ಬೈನಾ ಬಸಣ್ಣ

ಗೋವಾದವರು ಯಾರೂ ಇಲ್ಲವೇನೋ ಅಂತ ನೋಡ್ತಿದ್ದೆ, ಸರಿ, ನಾನೇ ಬರೀತೀನಿ. ವಾಸ್ಕೋದಲ್ಲಿ ಮೂವತ್ತು ವರ್ಷ ಆಯ್ತು. ಊರು ಗದಗ ಕಡೆ. ಗೋವಾ ಅಂದ ಕೂಡಲೇ ಎಲ್ಲರೂ "ಆರಾಮ ಬಿಡಪ್ಪ ನಿಂದು" ಅಂತಾರೆ. ನನ್ನ ಇಂಡೆಕ್ಸ್ ಬಹಳ ಸರಳ: ಬಿಳಿ ಬನಿಯನ್. ಬೆಳಿಗ್ಗೆ ಒಗೆದು ಹಗ್ಗಕ್ಕೆ ಹಾಕು, ಸಂಜೆ ತೆಗಿ. ಹೆಗಲ ಮೇಲೆ ಬೂದಿ ಬಣ್ಣದ ಗೆರೆ ಇರುತ್ತದೆ, ಹಗ್ಗ ಇದ್ದ ಜಾಗ ಮಾತ್ರ ಬೆಳ್ಳಗೆ. ಬಂದರಿನ ಕಲ್ಲಿದ್ದಲ ಧೂಳು. ಕಿಟಕಿ ಹಲಗೆ ಮೇಲೆ ಬೆರಳು ಎಳೆದರೆ ಹೆಸರು ಬರೆಯಬಹುದು. ಹೆಂಡತಿ ಈಗ ಬಟ್ಟೆ ಒಳಗೇ ಒಣಗಿಸ್ತಾಳೆ, ಮಳೆಗಾಲದಲ್ಲಿ ಮನೆ ತುಂಬ ಮುಗ್ಗಲು ವಾಸನೆ.

ಬಸ್ ಇನ್ನೊಂದು. ನಮ್ಮ ಕಡೆ ರಾತ್ರಿ ಎಂಟು ದಾಟಿತು ಅಂದರೆ ಪೈಲಟ್ ಬೈಕ್ (ಬಾಡಿಗೆ ಬೈಕ್) ಇಲ್ಲಾ ಕಾಲು. ಹೋಟೆಲ್ ಕೆಲಸ ಬಿಡೋದೇ ಹನ್ನೊಂದಕ್ಕೆ. ಬಸ್ ಎಷ್ಟಿವೆ ಅಂತ ಎಣಿಸಬೇಡಿ, ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಕೇಳಿ.

ಒಳ್ಳೆಯದೂ ಹೇಳಬೇಕಲ್ಲ. ಬೆಳಿಗ್ಗೆ ಆರಕ್ಕೆ ಪೊದೆರ್ ಸೈಕಲ್ ಹಾರ್ನ್ ಒತ್ತುತ್ತಾ ಬಿಸಿ ಪಾವ್ ತರ್ತಾನೆ. ಯಾವ ಆಪ್ ಬಂದರೂ ಅವನಿಗೆ ಸಾಟಿ ಇಲ್ಲ.

ಕಾಂದಿವಲಿ ಕಾಕಾ

ಪಾವ್ ಬಿಸಿ, ಬನಿಯನ್ ಕಪ್ಪು. ಅಂಕ ಎಷ್ಟು ಕೊಡೋಣ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು

ಬನಿಯನ್ ನೋಡಿ ನಗಬೇಡಿ, ಅದು ಒಳ್ಳೆಯ ಉಪಕರಣ. ಆದರೆ ಬಸಣ್ಣ, ಬನಿಯನ್ ಮೇಲೆ ಕಾಣೋದು ದಪ್ಪ ಧೂಳು. ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಅನ್ನೋ ಅತಿ ಸಣ್ಣ ಕಣ ಕಣ್ಣಿಗೆ ಕಾಣೋದಿಲ್ಲ. ಅದಕ್ಕೆ ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅಂದರೆ ಸರ್ಕಾರಿ ಲೆಕ್ಕದಲ್ಲಿ ಪಾಸಾದ ಗಾಳಿ ಅವರ ಲೆಕ್ಕದಲ್ಲಿ ಎಂಟು ಪಟ್ಟು ಕೆಟ್ಟದ್ದಿರಬಹುದು. ಗೆರೆ ಎಲ್ಲಿ ಎಳೆದಿದ್ದಾರೆ ಅಂತ ಮೊದಲು ನೋಡಬೇಕು.

ಹಿಂಜವಡಿ ಸೈಟ್ ಸುಪರ್‌ವೈಸರ್

ನೀವೆಲ್ಲ ಕೂತಿರೋ ಟವರ್‌ಗಳನ್ನು ಕಟ್ಟಿದವರ ಬಗ್ಗೆ ಒಂದು ಮಾತು. ನನ್ನ ಸೈಟಿನಲ್ಲಿ ಮುಕ್ಕಾಲು ಪಾಲು ಯಾದಗಿರಿ, ಕಲಬುರಗಿ, ವಿಜಯಪುರದವರು. ಸೈಟಿನ ಹಿಂದೆ ಅವರ ತಗಡಿನ ಶೆಡ್. ಏಪ್ರಿಲ್‌ನಲ್ಲಿ ಒಳಗೆ ಕೂರೋಕೆ ಆಗಲ್ಲ, ಎಲ್ಲರೂ ಅರ್ಧ ಕಟ್ಟಿದ ಬಿಲ್ಡಿಂಗಿನ ಎರಡನೇ ಸ್ಲ್ಯಾಬ್ ಮೇಲೆ ಮಲಗ್ತಾರೆ, ಗಾಳಿ ಬರುತ್ತೆ ಅಂತ. ಟ್ಯಾಂಕರ್ ಬಂದರೆ ಮೊದಲು ಸಿಮೆಂಟ್ ಕೆಲಸಕ್ಕೆ, ಆಮೇಲೆ ಸ್ನಾನಕ್ಕೆ.

ಮೇಷ್ಟ್ರು ಹೇಳಿದ ಆ 30 ಅಂಕದ ಜನಾಭಿಪ್ರಾಯ ಸರ್ವೇಯಲ್ಲಿ ಇವರು ಎಷ್ಟು ಜನ ಇದ್ದಿರಬಹುದು? ಮಗು ಇಲ್ಲಿ ಮರಾಠಿ ಶಾಲೆಗೆ ಎರಡು ತಿಂಗಳು ಹೋಗುತ್ತೆ, ಅ ಆ ಕಲಿಯೋ ಹೊತ್ತಿಗೆ ಮುಂದಿನ ಸೈಟು. ನಿಮ್ಮ ಫಾರ್ಮ್ ಗೂಗಲ್ ಲಿಂಕ್ ಆಗಿದ್ದರೆ ಅದು ಇವರಿಗೆ ಸೇರೋದೇ ಇಲ್ಲ. ಬಂದು ಕೂತು ಕೇಳಿ, ಸಂಜೆ ಏಳರ ಮೇಲೆ.

ವಾಕಡ್‌ವಾಸಿ

ನಾಚಿಕೆ ಆಯ್ತು ಅಣ್ಣ. ಗೂಗಲ್ ಲಿಂಕೇ ಮಾಡಿಟ್ಟಿದ್ದೆ. ನಮ್ಮ ಮನೆ ಕೆಲಸಕ್ಕೆ ಬರೋ ಅಕ್ಕನೂ ಇಂಡಿ ತಾಲೂಕಿನವಳು. ನಿನ್ನೆ ಅವಳನ್ನೇ ಮೊದಲು ಕೇಳಿದೆ, "ಇಲ್ಲಿ ಏನು ಸರಿ ಆಗಬೇಕು?" ಅಂತ. ನೀರು, ಮನೆ ಅಂತಾಳೆ ಅಂದ್ಕೊಂಡಿದ್ದೆ. "ನಿಮ್ಮ ಸೊಸೈಟಿ ಹಿಂದಿನ ಗೇಟ್ ತೆರೀರಿ" ಅಂದಳು. ಹಿಂದಿನ ಗೇಟಿಗೆ ಬೀಗ ಹಾಕಿದ್ದರಿಂದ ದಿನಾ ಎರಡು ಸಲ ಅರ್ಧ ಕಿಲೋಮೀಟರ್ ಸುತ್ತು ಹಾಕಿ ಬರ್ತಾಳಂತೆ. ಬೀಗ ಹಾಕಿಸಿದ ಮೀಟಿಂಗಿನಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು.

ರೊಟ್ಟಿ ಹುಡುಕುವವ

ಕ್ಷಮಿಸಿ, ವಿಷಯ ಬಿಟ್ಟು ಕೇಳ್ತಿದ್ದೀನಿ. ವಾಕಡ್ ಕಡೆ ಖಡಕ್ ಜೋಳದ ರೊಟ್ಟಿ ಎಲ್ಲಿ ಸಿಗುತ್ತೆ? ಇಲ್ಲಿಯ ಭಾಕರಿ ದಪ್ಪ, ನಮ್ಮ ಹಾಗೆ ತೆಳ್ಳಗೆ ಬಡಿಯೋದಿಲ್ಲ.

ಕಾಂದಿವಲಿ ಕಾಕಾ

ಇದೇ ನೋಡಿ 50ನೇ ಸೂಚಕ.

ನಿವೃತ್ತ ನಕ್ಷೆಗಾರ

ನಲವತ್ತು ವರ್ಷ ರಸ್ತೆ ನಕ್ಷೆ ಎಳೆದವನು ನಾನು. ಫುಟ್‌ಪಾತ್ ಬಗ್ಗೆ ಮಾತ್ರ ಹೇಳ್ತೀನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನೋ ಮಾರ್ಗಸೂಚಿ ಇದೆ. ವಸತಿ ಪ್ರದೇಶದಲ್ಲಿ ನಡೆಯೋಕೆ ಅಡ್ಡಿ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಬೇಕು. ಅಡ್ಡಿ ಇಲ್ಲದ ಅನ್ನೋದು ಮುಖ್ಯ. ಮೂರು ಮೀಟರ್ ಫುಟ್‌ಪಾತ್ ಮಾಡಿ ನಡುವೆ ಕರೆಂಟ್ ಡಬ್ಬಿ ಇಟ್ಟರೆ ಅಗಲ ಸೊನ್ನೆ. ಎತ್ತರ 150 ಮಿಲಿಮೀಟರ್ ದಾಟಬಾರದು. ನಮ್ಮಲ್ಲಿ ಮಂಡಿ ಎತ್ತರಕ್ಕೆ ಕಟ್ಟಿ, ಪ್ರತಿ ಗೇಟಿಗೂ ಇಳಿಸಿ, ಮತ್ತೆ ಏರಿಸ್ತಾರೆ. ಮಂಡಿ ನೋವಿನವರು ಅದಕ್ಕೇ ರಸ್ತೆಯಲ್ಲೇ ನಡೀತಾರೆ, ನಾವು ಅವರನ್ನು ಬೈತೀವಿ.

ಇದೇ ಪುಣೆಯಲ್ಲಿ ಜಂಗ್ಲಿ ಮಹಾರಾಜ್ ರಸ್ತೆ ನೋಡಿ ಬನ್ನಿ. ಅಗಲ ಫುಟ್‌ಪಾತ್, ಕೂರೋಕೆ ಕಟ್ಟೆ, ಮರದ ನೆರಳು. ಮಾಡೋಕೆ ಬರುತ್ತೆ, ಎಲ್ಲ ಕಡೆ ಮಾಡಿಲ್ಲ ಅಷ್ಟೇ.

ಸಿಗ್ನಲ್ ಇದ್ದರೆ ಅದನ್ನೂ ಅಳೆಯಿರಿ. ಲೆಕ್ಕ ಹಾಕುವವರು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೀತಾನೆ ಅಂತ ಹಿಡೀತಾರೆ. 24 ಮೀಟರ್ ರಸ್ತೆಗೆ 20 ಸೆಕೆಂಡು.

ಲೋಕಲ್ ಪಾಸ್

ಮುಂಬೈ ಲೋಕಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ರೈಲ್ವೆಯವರ ಭಾಷೆಯಲ್ಲೇ ಸೂಪರ್ ಡೆನ್ಸ್ ಕ್ರಶ್ ಲೋಡ್ ಅಂತ ಒಂದು ಪದ ಇದೆ, ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲೋದು. ಹಿಂಸೆಗೆ ಒಂದು ಅಳತೆ ಮಾಡಿ ಹೆಸರಿಟ್ಟಿದ್ದಾರೆ, ಅಷ್ಟಾದರೂ ಪ್ರಾಮಾಣಿಕತೆ. ಆದರೂ ರಾತ್ರಿ ಹನ್ನೆರಡಕ್ಕೆ ಹೆಣ್ಣುಮಗಳು ಒಬ್ಬಳೇ ಲೇಡೀಸ್ ಡಬ್ಬಿಯಲ್ಲಿ ಡೊಂಬಿವಲಿಗೆ ಬರ್ತಾಳೆ. ನಾನೇ ಬರ್ತೀನಿ. ಬಸಣ್ಣ ಹೇಳಿದ ಕೊನೆಯ ಬಸ್ ಪ್ರಶ್ನೆಗೆ ನಮ್ಮ ಉತ್ತರ ಚೆನ್ನಾಗಿದೆ.

ಟವರ್ ಬಿ 1702

ಹೊರದೇಶದ ಪಟ್ಟಿಗಳೂ ಇವೆಯಲ್ಲ, ವಿಯೆನ್ನಾ ಮೊದಲು ಅಂತ ಪ್ರತಿ ವರ್ಷ ಬರುತ್ತೆ. ಅದನ್ನೇ ಇಟ್ಟುಕೊಂಡರೆ ಆಗಲ್ವಾ?

ಲೆಕ್ಕದ ಮೇಷ್ಟ್ರು

2025ರಲ್ಲಿ ಕೋಪನ್‌ಹೇಗನ್ ಮೊದಲು. ಅದಕ್ಕೆ ಹಿಂದಿನ ಮೂರು ವರ್ಷ ವಿಯೆನ್ನಾ. ಎಕನಾಮಿಸ್ಟ್ ಗುಂಪಿನ ಇಐಯು ಪಟ್ಟಿ ಅದು, 173 ಊರು. ಭದ್ರತೆಗೆ 25, ಆರೋಗ್ಯಕ್ಕೆ 20, ಸಂಸ್ಕೃತಿ ಮತ್ತು ಪರಿಸರಕ್ಕೆ 25, ಶಿಕ್ಷಣಕ್ಕೆ 10, ಮೂಲಸೌಕರ್ಯಕ್ಕೆ 20. ಕಂಪನಿಗಳು ತಮ್ಮ ಆಫೀಸರನ್ನು ಬೇರೆ ದೇಶಕ್ಕೆ ಕಳಿಸುವಾಗ ಕಷ್ಟದ ಭತ್ಯೆ ಎಷ್ಟು ಕೊಡಬೇಕು ಅಂತ ನೋಡೋಕೆ ಅದನ್ನು ಬಳಸ್ತಾರೆ. ಕೊತ್ತಂಬರಿ ತರೋಕೆ ಹೊರಟ ಅವ್ವನ ಭತ್ಯೆ ಅದರಲ್ಲಿ ಇಲ್ಲ.

ಧಾರಾವಿ ಹುಡುಗ

ಮೈದಾನದ ಲೆಕ್ಕದಲ್ಲೂ ಹೀಗೇ ಮೋಸ ಆಗಬಹುದು. ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕ್ ಒಂದೇ ನೂರು ಚದರ ಕಿಲೋಮೀಟರಿಗಿಂತ ದೊಡ್ಡದು. ಅದನ್ನು ಮುಂಬೈ ಜನರಿಗೆಲ್ಲ ಹಂಚಿದರೆ ನನಗೂ ಒಂದು ಪಾಲು ಕಾಡು ಬರುತ್ತೆ, ಚಿರತೆ ಸಮೇತ. ಚೆಂಡು ಆಡೋಕೆ ಜಾಗ ಮಾತ್ರ ಇಲ್ಲ. ನಡೆದು ಹೋಗೋವಷ್ಟು ಹತ್ತಿರ, ದುಡ್ಡು ಕೊಡದೆ ಒಳಗೆ ಬಿಡೋ ಮೈದಾನ ಇದೆಯಾ ಅಂತ ಕೇಳಿ.

ಮಾಟುಂಗಾ ಮಾಮಿ

ಮತ್ತೆ ಬೆಂಚು! ಗೇಟಿನ ಹೊರಗೆ ಒಂದು ಕಲ್ಲಿನ ಬೆಂಚು ಹಾಕಿಸಿ ಅಂತ ನಿಮ್ಮ ಕಮಿಟಿಗೆ ಹೇಳಿ, ವಾಕಡ್‌ವಾಸಿ.

ವಾಕಡ್‌ವಾಸಿ

ಹೇಳಿದೆ ಮಾಮಿ. "ಹೊರಗಿನವರು ಬಂದು ಕೂರ್ತಾರೆ" ಅಂದರು.

ಮಾಟುಂಗಾ ಮಾಮಿ

ಕೂರಲಿ ಬಿಡಿ, ಬೆಂಚು ಇರೋದು ಮತ್ತ್ಯಾಕೆ?

ವಾಕಡ್‌ವಾಸಿ

ಎಲ್ಲರ ಮಾತು ಓದಿ ಫಾರ್ಮ್ ಹರಿದು ಹಾಕಿದೆ. 22 ಪ್ರಶ್ನೆ ಇದ್ದದ್ದು ಈಗ ಆರು. ಕೂರೋಕೆ ಜಾಗ, ಕೊನೆಯ ಬಸ್, ನೀರಿನ ಹೊತ್ತು, ಶೌಚಾಲಯದ ಕ್ಯೂ, ಹಣ ಕೇಳದ ಮೈದಾನ, ಮಾಮಿಯ ಮಾತಿನ ಪ್ರಶ್ನೆ. ಒಟ್ಟು ಅಂಕ ಇಲ್ಲ, ಮೇಷ್ಟ್ರು ಹೇಳಿದ ಹಾಗೆ.

ನಕ್ಷೆಗಾರರು ಹೇಳಿದ ಸಿಗ್ನಲ್ ಕೂಡ ನೋಡಿದೆ. ಮೇನ್ ರೋಡ್ ಸರಿಯಾಗಿ 24 ಮೀಟರ್, ಹಸಿರು ಮನುಷ್ಯ 20 ಸೆಕೆಂಡ್ ಇರ್ತಾನೆ. ರಾತ್ರಿ ಅವ್ವನಿಗೆ ಫೋನ್ ಮಾಡಿ, ನಾಳೆ ಅಂಗಳದಲ್ಲಿ 24 ಮೀಟರ್ ಅಳೆದು ನಡೀತೀಯಾ, ಅಣ್ಣ ಗಡಿಯಾರ ನೋಡ್ಲಿ ಅಂದೆ. ಹುಚ್ಚಿ ಅಂದಳು, ಆದರೂ ನಡೆದಳು. 34 ಸೆಕೆಂಡ್. ರಸ್ತೆ ನಡುವೆ 14 ಸೆಕೆಂಡ್ ಕೆಂಪು ದೀಪದಲ್ಲಿ ನಿಲ್ತಿದ್ದಳು ಅಂತಾಯ್ತು. ಇಪ್ಪತ್ತು ದಿನ ಹೇಗೆ ದಾಟಿದೆ ಅಂತ ಕೇಳಿದರೆ, "ಕೈ ಅಡ್ಡ ಹಿಡಿದು" ಅಂದಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹಿಂದಿನ ಗೇಟಿನಿಂದ ಶುರು ಮಾಡ್ತೀವಿ. ಬೀಗ ಒಂದು ತಿಂಗಳು ತೆರೆದು ನೋಡೋಣ ಅಂತ ಕಮಿಟಿ ಒಪ್ಪಿದೆ. ಬರೋರು ಹೇಳಿ, ಅಳತೆ ಟೇಪ್ ಬೇಕು.

ನಿವೃತ್ತ ನಕ್ಷೆಗಾರ

ಮೂವತ್ತು ಮೀಟರ್ ಟೇಪ್ ನನ್ನ ಹತ್ತಿರ ಇದೆ. ತರ್ತೀನಿ.

ಹಿಂಜವಡಿ ಸೈಟ್ ಸುಪರ್‌ವೈಸರ್

ಶೆಡ್‌ಗೆ ಬರೋದಾದರೆ ಭಾನುವಾರ ಬೇಡ, ಅವತ್ತು ಸಂತೆ. ಸೋಮವಾರ ಸಂಜೆ ಬನ್ನಿ. ರೊಟ್ಟಿ ಕೇಳಿದವರು ಯಾರು? ನೀವೂ ಬನ್ನಿ. ನಮ್ಮ ಶೆಡ್‌ನಲ್ಲಿ ಒಬ್ಬ ಅಜ್ಜಿ ಬಡೀತಾರೆ, ಕಾಗದದ ಹಾಗೆ ತೆಳ್ಳಗೆ. ರೇಟ್ ಅವರ ಹತ್ತಿರವೇ ಮಾತಾಡಿ, ಚೌಕಾಸಿ ಮಾತ್ರ ಮಾಡಬೇಡಿ, ಬೈತಾರೆ.